ಹಾಜರಿ ಹನ್ನೆರಡು

ಜೂನ್ 30, ಭಾನುವಾರ. ಸಂಜೆ 5.40

ಟಿವಿ ಆಫ್ ಮಾಡಿ, ಕಿಟಕಿ ಹಾಕಿ, ನೆಲದ ಮೇಲಿನ ಕಡಲೆಪುರಿ ಗುಡಿಸಿದ್ದಾಯಿತು. ಗ್ರಂಥಾಲಯದಲ್ಲಿ ತಿನ್ನಬಾರದು ಎಂದು ಗೋಡೆಯ ಮೇಲೆ ಬರೆಸಿದ್ದೇನೆ. ಓದಲು ಬರುವವರಿಗೆ ಅದು ಕಾಣುತ್ತದೆ. ಸಿನಿಮಾ ನೋಡಲು ಬರುವವರಿಗೆ ಕಾಣುವುದಿಲ್ಲ.

ವೇಣುಗೋಪಾಲ್ ಮೇಷ್ಟ್ರ ಸಿನಿಮಾದ ಒಂಬತ್ತನೇ ಭಾನುವಾರ. ಇಲ್ಲೇ ಹತ್ತಿರದ ವಿಜಯಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ಸುಮ್ಮನೆ ಹೊಲ ನೋಡಿಕೊಂಡು ಇರಬಹುದಿತ್ತು. ಹಾರ್ಡ್ ಡಿಸ್ಕ್ ತುಂಬ ಹಳೆಯ ಗೂಢಚಾರಿ ಸಿನಿಮಾ ಹೊತ್ತುಕೊಂಡು ನನ್ನ ಗ್ರಂಥಾಲಯಕ್ಕೆ ಬಂದರು. ಪಂಚಾಯಿತಿ ಒಪ್ಪಿತು. ಇಲ್ಲಿ ಹದಿನೆಂಟು ವರ್ಷದಿಂದ ಮೇಲ್ವಿಚಾರಕಿ ಆಗಿರುವ ನನ್ನನ್ನು ಯಾರೂ ಕೇಳಲಿಲ್ಲ.

ಇವತ್ತು ‘ಕಡಲ ತಂತಿ’. ಕಪ್ಪು ಬಿಳುಪು. ಇದರ ಕಾದಂಬರಿ ನಮ್ಮಲ್ಲೇ ಇದೆ — ಮೂರನೇ ಕಪಾಟು, ಬೆನ್ನು ಹರಿದಿತ್ತು, ನಾನೇ ಗೋಂದು ಹಚ್ಚಿ ಅಂಟಿಸಿದ್ದು. ಆರು ಸಲ ಓದಿದ್ದೇನೆ. ಯುದ್ಧಕಾಲ, ಒಂದು ಬಂದರು, ಅಲ್ಲಿನ ತಂತಿ ಕಚೇರಿ. ಹಡಗು ಹೊರಡುವ ಹೊತ್ತು ಶತ್ರುವಿಗೆ ತಲುಪುತ್ತಿದೆ. ತಲುಪಿಸುವವನು ಯಾರು? ಎಲ್ಲರಿಗೂ ಟೀ ತರಿಸಿ, ಎಲ್ಲರನ್ನೂ ನಗಿಸಿ, ಎಲ್ಲರಿಗೂ ಬೇಕಾದ ಪೋಸ್ಟ್‌ಮಾಸ್ಟರ್. ಲೇಖಕ ಇನ್ನೂರ ನಲವತ್ತು ಪುಟ ಬಿಡಿಸಿ ಹೇಳುತ್ತಾನೆ, ಆ ನಗುವಿನ ಹಿಂದೆ ಏನಿತ್ತು ಅಂತ. ಸಿನಿಮಾದಲ್ಲಿ ಎರಡು ಹಾಡು, ಒಂದು ದೋಣಿ, ಕೊನೆಗೆ ಗುಂಡಿನ ಸದ್ದು... ಅಷ್ಟೇ.

ಹಾಗಂತ ಹೇಳಿದೆ. ಮೇಷ್ಟ್ರು ನಕ್ಕರು. ಒಂದು ದೃಶ್ಯವನ್ನು ಹಿಂದಕ್ಕೆ ಓಡಿಸಿ ಎರಡನೇ ಸಲ ತೋರಿಸಿದರು. ಪೋಸ್ಟ್‌ಮಾಸ್ಟರ್ ಒಂದು ತಂತಿಯ ಪದಗಳನ್ನು ಎಣಿಸುತ್ತಿದ್ದಾನೆ. ಕ್ಯಾಮೆರಾ ಅವನ ಕೈ ಮಾತ್ರ ನೋಡುತ್ತದೆ. ಹಡಗಿನ ಹೆಸರು ಬಂದಲ್ಲಿ ಪೆನ್ಸಿಲ್ ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಎಣಿಸುತ್ತದೆ. ಸಂಗೀತವೂ ಇಲ್ಲ.

“ಪುಸ್ತಕ ‘ಯಾಕೆ’ ಅಂತ ಹೇಳ್ತದೆ ಶಶಿರೇಖಾ. ಸಿನಿಮಾ ‘ಸುಮ್ನೆ ನೋಡು’ ಅಂತದೆ,” ಅಂದರು.

ಕೈ ನೋಡಿ ಮನಸ್ಸು ಹೇಳುವುದಕ್ಕೆ ಇದೇನು ಭವಿಷ್ಯ ಹೇಳುವ ಅಂಗಡಿಯೇ ಅಂದೆ. ಐದು ಜನ ಪ್ರೇಕ್ಷಕರು ನನ್ನ ಕಡೆಗೇ ತಿರುಗಿ ನಕ್ಕರು. ಮೈ ಉರಿಯಿತು.

ರಿಜಿಸ್ಟರ್‌ನಲ್ಲಿ ಐದು ಸಹಿ. ಫೋಟೋ ತೆಗೆದು ಪಂಚಾಯಿತಿಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ದಿನವೂ ಹಾಕಬೇಕು. ಹೋದ ವರ್ಷ ‘ಓದುಗರೇ ಇಲ್ಲ’ ಅಂತ ಪಕ್ಕದೂರಿನ ಗ್ರಂಥಾಲಯಕ್ಕೆ ಇದನ್ನು ಸೇರಿಸಲು ಹೊರಟಿದ್ದರು. ಅಂದಿನಿಂದ ಸಹಿ ಹಾಕಿಸದೆ ನೊಣವನ್ನೂ ಒಳಗೆ ಬಿಡುವುದಿಲ್ಲ ನಾನು.

ಜುಲೈ 3, ಬುಧವಾರ

ವೆಂಕಟರಾಯಪ್ಪ ಬಂದಿದ್ದರು. ಊರಿನ ಹಿರಿಯರು, ನಮ್ಮ ಪೈಕಿಯೇ. ಕೆರೆ ಹಿಂದಿನ ನಲವತ್ತು ಎಕರೆಗೆ ಒಂದು ಗೋಡೌನ್ ಕಂಪನಿ ಕಣ್ಣು ಹಾಕಿದೆ. ಏಜೆಂಟ್ ಮನೋಹರ್ ಎರಡು ತಿಂಗಳಿಂದ ಬಿಳಿ ಕಾರಿನಲ್ಲಿ ಸುತ್ತುತ್ತಿದ್ದಾನೆ. ಯಾರ ಹೊಲ ಯಾವುದು ಅಂತ ಅವನಿಗೆ ಪಹಣಿಯಲ್ಲಿ ಗೊತ್ತು. ಆದರೆ ಪಹಣಿಯಲ್ಲಿ ಇರುವುದು ಸತ್ತ ತಾತಂದಿರ ಹೆಸರು. ಈಗ ಮನೆಯಲ್ಲಿ ಮಾತು ನಡೆಯುವುದು ಯಾರದು, ಸಹಿ ಹಾಕುವವರು ಯಾರು — ಅದು ಗೊತ್ತಿಲ್ಲ. ಅದು ಗೊತ್ತಾದರೆ ಒಬ್ಬೊಬ್ಬರನ್ನೇ ಒಡೆಯುತ್ತಾನೆ.

ಹನ್ನೆರಡು ಮನೆ. ಯಾರೂ ಮಾರಬಾರದು ಅಂತ ಮಾತಾಗಬೇಕು. ಮುಖ್ಯವಾದ ಹೊಲ ವೇಣುಗೋಪಾಲ್ ಮೇಷ್ಟ್ರದು. ಟಾರ್ ರಸ್ತೆಗೆ ತಾಗಿದ ಎರಡು ಎಕರೆ. ಮಿಕ್ಕ ಹನ್ನೊಂದು ಹೊಲಕ್ಕೂ ಬಂಡಿದಾರಿ ಅದರ ಅಂಚಿನಲ್ಲೇ. ಅದೊಂದು ಹೋಗಿ ಬೇಲಿ ಬಿದ್ದರೆ ಹಿಂದಿನವರು ಮಾರದೆ ವಿಧಿಯಿಲ್ಲ. ನಮ್ಮ ಮೂವತ್ತು ಗುಂಟೆ ಹಿಪ್ಪುನೇರಳೆ ತೋಟವೂ ಆ ಹಿಂದಿನದ್ದೇ. ತಮ್ಮ ದೇವರಾಜನಿಗೂ ನನಗೂ ಇರುವುದು ಅದೊಂದೇ.

ಸಭೆ ಎಲ್ಲಿ? ಅಶ್ವತ್ಥಕಟ್ಟೆಯಲ್ಲಿ ಕೂತರೆ ಇಡೀ ಊರಿಗೆ ಗೊತ್ತು. ಮೇಷ್ಟ್ರು ಉಪಾಯ ಹೇಳಿದರಂತೆ: ಭಾನುವಾರ ಮೂರಕ್ಕೆ ಸಿನಿಮಾ ನೆಪದಲ್ಲಿ ಬನ್ನಿ, ಟಿವಿ ಸೌಂಡ್ ಜೋರಾಗಿಟ್ಟು ಹಿಂದಿನ ಕೋಣೆಯಲ್ಲಿ ಮಾತಾಡೋಣ. ಗೂಢಚಾರಿ ಸಿನಿಮಾ ನೋಡಿ ನೋಡಿ ತಲೆಗೇ ಹತ್ತಿದೆ. ಆದರೂ ಉಪಾಯ ಚೆನ್ನಾಗಿದೆ. ಅದಕ್ಕೇ ಇನ್ನೂ ಸಿಟ್ಟು.

ಜುಲೈ 7, ಭಾನುವಾರ. ಸಂಜೆ 6

ಹನ್ನೆರಡು ಜನವೂ ಬಂದರು. ಗೋಪಾಲಪ್ಪ ಹೊಸಕೋಟೆಯಿಂದ ಬಂದ. ಊರು ಬಿಟ್ಟು ಹದಿನೈದು ವರ್ಷ, ಇಲ್ಲಿ ಅವನ ಗುರುತೇ ಬಹಳ ಜನಕ್ಕಿಲ್ಲ. ಬಾಗಿಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದೆ. ಹೆಸರು, ಮೊಬೈಲ್ ನಂಬರ್, ಬಂದ ಹೊತ್ತು, ಸಹಿ. ಒಬ್ಬಿಬ್ಬರು ಗೊಣಗಿದರು. ನಿಯಮ ಅಂದೆ.

ಹಿಂದಿನ ಕೋಣೆಯಲ್ಲಿ ಮಾತು ನಡೆದಷ್ಟು ಹೊತ್ತು ನಾನೊಬ್ಬಳೇ ಟಿವಿ ಮುಂದೆ. ಬೇರೆ ದೇಶದ ಸಿನಿಮಾ. ಮುದುಕಿಯೊಬ್ಬಳು ರೈಲಿನಲ್ಲಿ ಸ್ವೆಟರ್ ಹೆಣೆಯುತ್ತಾ ಗಡಿ ದಾಟುತ್ತಾಳೆ. ತಪಾಸಣೆಯವನು ಎಲ್ಲ ಕೆದಕುತ್ತಾನೆ, ಅವಳು ಹೆಣಿಗೆ ನಿಲ್ಲಿಸುವುದಿಲ್ಲ. ಮುಖ ಮಾತ್ರ ತೋರಿಸುತ್ತಾರೆ. ಏನೂ ಆಗುವುದಿಲ್ಲ, ನನ್ನ ಅಂಗೈ ಒದ್ದೆಯಾಗಿತ್ತು. ಇದನ್ನು ಮೇಷ್ಟ್ರಿಗೆ ಸತ್ತರೂ ಹೇಳುವುದಿಲ್ಲ.

ಯಾರೂ ಮಾರುವುದಿಲ್ಲ ಅಂತ ತೀರ್ಮಾನ. ಬರಹ ಬೇಡ, ಬಾಯಿಮಾತು ಸಾಕು ಅಂದರಂತೆ ವೆಂಕಟರಾಯಪ್ಪ.

ಫೋಟೋ ಹಾಕಿದೆ: ‘ಚಲನಚಿತ್ರ ಪ್ರದರ್ಶನ. ಹಾಜರಿ 12.’ ಇದುವರೆಗಿನ ದಾಖಲೆ. ಮೆಚ್ಚುಗೆಯ ಐದು ಹೆಬ್ಬೆರಳು ಬಂದವು. ಈಗ ಹೇಳಲಿ ಓದುಗರಿಲ್ಲ ಅಂತ.

ಜುಲೈ 10, ಬುಧವಾರ

ಬೆಳಿಗ್ಗೆ ಮನೋಹರ್ ನಮ್ಮ ಮನೆಗೆ ಬಂದಿದ್ದ. ದೇವರಾಜನ ಹೆಸರು ಹಿಡಿದು ಕರೆದ. ಪಕ್ಕದ ಹೊಲದವರು ಒಪ್ಪಿದ್ದಾರೆ, ನೀವೇ ಬಾಕಿ ಅಂದ. ಪಕ್ಕದವರಲ್ಲೂ ಅದನ್ನೇ ಹೇಳಿದ್ದಾನೆ. ಮಧ್ಯಾಹ್ನದೊಳಗೆ ಸುದ್ದಿ ಬಂತು — ಹನ್ನೆರಡು ಮನೆಯವರನ್ನೂ ಮಾತಾಡಿಸಿದ್ದಾನೆ. ಹದಿಮೂರನೆಯ ಮನೆಗೆ ಹೋಗಿಲ್ಲ. ಗೋಪಾಲಪ್ಪನಿಗೆ ಹೊಸಕೋಟೆಗೇ ಫೋನ್ ಮಾಡಿದ್ದಾನೆ.

ಅಂದರೆ ಪಟ್ಟಿ ಹೋಗಿದ್ದು ಆ ಕೋಣೆಯಿಂದಲೇ. ನಮ್ಮೊಳಗೆ ಒಬ್ಬ ಇದ್ದಾನೆ.

ಜುಲೈ 11

ಕೋಣೆಯಲ್ಲಿ ಹನ್ನೆರಡು ಜನ, ಹೊರಗೆ ನಾನು. ನನ್ನನ್ನು ಲೆಕ್ಕದಿಂದ ಬಿಟ್ಟೆ. ವೆಂಕಟರಾಯಪ್ಪನವರನ್ನೂ ಬಿಟ್ಟೆ. ದೇವರಾಜನಿಗೆ ಗುಟ್ಟು ಮಾರುವಷ್ಟು ಚುರುಕಿಲ್ಲ. ಹತ್ತು ಜನ ಉಳಿದರು. ‘ಕಡಲ ತಂತಿ’ ಮತ್ತೆ ತೆಗೆದೆ. ದ್ರೋಹಿ ಯಾವತ್ತೂ ಮೂಲೆಯಲ್ಲಿ ಮುಖ ಗಂಟಿಕ್ಕಿ ಕೂತವನಲ್ಲ. ನಡುವೆ ಕೂತು ನಗಿಸುವವನು. ಸಭೆಗೆ ಜಾಗ ಸೂಚಿಸಿದವರು ಯಾರು? ನೆಪ ಹೇಳಿಕೊಟ್ಟವರು ಯಾರು?

ಜುಲೈ 13, ಶನಿವಾರ. ಮಧ್ಯಾಹ್ನ 2

ಕಣ್ಣಾರೆ ಕಂಡೆ. ವಿಜಯಪುರ, ರೇಷ್ಮೆಗೂಡಿನ ಮಾರುಕಟ್ಟೆ ಎದುರಿನ ಬೇಕರಿ. ವೇಣುಗೋಪಾಲ್, ಎದುರಿಗೆ ಮನೋಹರ್. ಒಂದೇ ಟೇಬಲ್. ಮನೋಹರ್ ಮೊಬೈಲ್ ತೋರಿಸುತ್ತಿದ್ದ, ಇವನು ತಲೆ ಬಗ್ಗಿಸಿ ನೋಡುತ್ತಿದ್ದ. ನನ್ನನ್ನು ನೋಡಲಿಲ್ಲ. ಗೂಡಿನ ಚೀಲಗಳ ಹಿಂದೆ ನಿಂತು ಪೂರಾ ಹತ್ತು ನಿಮಿಷ ನೋಡಿದೆ.

ಇನ್ನು ಇವನನ್ನು ‘ಅವರು’ ಅಂತ ಬರೆಯುವುದಿಲ್ಲ.

ಎದೆ ಹೊಡೆದುಕೊಳ್ಳುತ್ತಿತ್ತು. ಭಯಕ್ಕಲ್ಲ, ಖುಷಿಗೆ. ಬರೆದೇ ಬಿಡುತ್ತೇನೆ, ಖುಷಿಗೇ. ಒಂಬತ್ತು ಭಾನುವಾರ ನನ್ನನ್ನು ಮೂಲೆಗೆ ಕೂರಿಸಿ ಪುಸ್ತಕಕ್ಕಿಂತ ಸಿನಿಮಾ ಮೇಲು ಅಂದ ಮನುಷ್ಯ.

ಜುಲೈ 14, ಭಾನುವಾರ. ಸಂಜೆ 5

ಹೇಳಿದೆ. ಮತ್ತೆ ಸಭೆ ಸೇರಿದ ಹನ್ನೆರಡು ಮನೆಯವರೆದುರಿಗೆ. ಸಿನಿಮಾ ಹಾಕಲು ಅವನು ವೈರ್ ಸಿಕ್ಕಿಸುತ್ತಿದ್ದಾಗಲೇ ಹೇಳಿದೆ. ಬೇಕರಿ, ಮೊಬೈಲ್, ಹೊತ್ತು, ಟೇಬಲ್ ಎಲ್ಲವನ್ನೂ.

ವೆಂಕಟರಾಯಪ್ಪ ಕೇಳಿದರು, ಮನೋಹರ್ ಸಿಕ್ಕಿದ್ದು ನಿಜವೇ ಅಂತ. ನಿಜ ಅಂದ. ಏನು ಮಾತು ಅಂತ ಕೇಳಿದರು. ಅವನು ನನ್ನ ಮುಖ ನೋಡಿದ. ತುಂಬ ಹೊತ್ತು ನೋಡಿದ.

“ಅದನ್ನ ಇಲ್ಲಿ ಹೇಳೋಕಾಗಲ್ಲ,” ಅಂದ.

ಅಷ್ಟೇ ಸಾಕಾಯಿತು. ಗೋಪಾಲಪ್ಪ ಎದ್ದು ಅವನ ಅಂಗಿ ಹಿಡಿದ. ಬಿಡಿಸಿದರು. ಹಾರ್ಡ್ ಡಿಸ್ಕ್ ಇಲ್ಲೇ ಬಿಟ್ಟು ಹೋದ. ನಾಳೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರಾಜನ ಕೈಲಿ ಕಳಿಸುತ್ತೇನೆ. ಇನ್ನು ಭಾನುವಾರ ಇಲ್ಲಿ ಪುಸ್ತಕ ಮಾತ್ರ.

ಜುಲೈ 24, ಬುಧವಾರ

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಭಾನುವಾರ ಗ್ರಂಥಾಲಯಕ್ಕೆ ಒಬ್ಬರೂ ಬರಲಿಲ್ಲ. ಸಹಿ ಸೊನ್ನೆ. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಾನೇ ಓದಿದೆ.

ಊರು ಅವನ ಜೊತೆ ಮಾತು ಬಿಟ್ಟಿದೆ. ಕಟಿಂಗ್ ಅಂಗಡಿಯಲ್ಲಿ ಅವನು ಕೂತರೆ ಉಳಿದವರು ಎದ್ದು ಹೊರಗೆ ನಿಲ್ಲುತ್ತಾರಂತೆ. ಆಗಬೇಕಾದ್ದೇ.

ಇವತ್ತು ಬೆಳಿಗ್ಗೆ ಡೈರಿ ಹತ್ತಿರ ನಾನೂ ಇದ್ದೆ. ಅವನ ತಾಯಿ ಪಿಳ್ಳಮ್ಮ ಹಾಲು ತಂದಿದ್ದಳು. ಎಂಬತ್ತು ದಾಟಿದೆ, ಈಗಲೂ ಕ್ಯಾನ್ ತಾನೇ ಹೊತ್ತು ತರುತ್ತಾಳೆ. ಸಾಲಿನಲ್ಲಿ ಅವಳ ಹಿಂದೆ ಯಾರೂ ನಿಲ್ಲಲಿಲ್ಲ. ಮುಂದಿದ್ದವರೂ ಸರಿದು ಆಚೆ ಬೇರೆ ಸಾಲು ಮಾಡಿಕೊಂಡರು. ಅವಳು ಎರಡು ಸಾಲನ್ನೂ ನೋಡಿದಳು. ಅಳೆಸದೆ ಕ್ಯಾನ್ ಎತ್ತಿಕೊಂಡು ವಾಪಸ್ ಹೋದಳು. ನಾನೂ ಸರಿದವಳೇ. ಮಗನ ಪಾಪಕ್ಕೆ ತಾಯಿಯೇ ಅಂತ ಒಂದು ಕ್ಷಣ ಅನಿಸಿತು. ಆಮೇಲೆ ಅವನ ಮೇಲೇ ಸಿಟ್ಟು ಬಂತು, ಅವನಿಂದಲೇ ನಾನು ಹೀಗೆ ಸರಿಯಬೇಕಾಯಿತಲ್ಲ ಅಂತ.

ಆಗಸ್ಟ್ 6, ಮಂಗಳವಾರ. ಮಧ್ಯಾಹ್ನ 12.15

ನಿಧಾನವಾಗಿ ಬರೆಯುತ್ತೇನೆ.

ಪಂಚಾಯಿತಿ ಆಪರೇಟರ್ ಕೀರ್ತನ ಫೋನ್ ಮಾಡಿ, ಗ್ರಂಥಾಲಯದ ಮೂರು ತಿಂಗಳ ಫೋಟೋ ಒಟ್ಟಿಗೆ ಕಳಿಸಿ ಮೇಡಂ ಅಂದಳು. ಗ್ರೂಪಿನಲ್ಲಿ ಹಿಂದೆ ಹಿಂದೆ ಹೋದೆ. ಜುಲೈ 7. ನನ್ನ ಫೋಟೋ. ಎಷ್ಟು ಚೆನ್ನಾಗಿ ಬಂದಿದೆ — ಹನ್ನೆರಡು ಹೆಸರು, ಹನ್ನೆರಡು ಮೊಬೈಲ್ ನಂಬರ್, ಒಂದಕ್ಷರವೂ ಮಸುಕಾಗಿಲ್ಲ. ಕೆಳಗೆ ಐದು ಹೆಬ್ಬೆರಳು. ಅವತ್ತು ಎಣಿಸಿದ್ದೆ, ಯಾರದು ಅಂತ ನೋಡಿರಲಿಲ್ಲ. ಇವತ್ತು ಬೆರಳು ತಾಗಿ ಪಟ್ಟಿ ತೆರೆಯಿತು.

ಮೊದಲನೆಯ ಹೆಬ್ಬೆರಳು ಮನೋಹರನದು. ಫೋಟೋದಲ್ಲಿ ಬಿಳಿ ಕಾರಿಗೆ ಒರಗಿ ನಿಂತಿದ್ದಾನೆ. ಮೇ ತಿಂಗಳಲ್ಲಿ ಶಾಲೆಗೆ ನೀರಿನ ಫಿಲ್ಟರ್ ಕೊಟ್ಟಾಗ ಯಾರೋ ಅವನನ್ನು ಗ್ರೂಪಿಗೆ ಸೇರಿಸಿದ್ದು. ಆಗ ಸ್ವಾಗತ ಅಂತ ಕೈ ಮುಗಿದ ಚಿತ್ರ ಹಾಕಿದವರಲ್ಲಿ ನಾನೂ ಒಬ್ಬಳು.

ಪಹಣಿಯಲ್ಲಿ ಇಲ್ಲದ್ದನ್ನು ನಾನು ಕೊಟ್ಟೆ. ಬದುಕಿರುವವರ ಹೆಸರು. ಗೋಪಾಲಪ್ಪನ ಹೊಸಕೋಟೆ ನಂಬರ್. ಯಾವಾಗಲೂ ಐದು ಜನ ಬರುವ ಕಡೆ ಕೆರೆ ಹಿಂದಿನ ಹನ್ನೆರಡು ಮನೆಯವರು ಒಂದೇ ಹೊತ್ತಿಗೆ ಬಂದರು ಅಂತ ಹೊತ್ತಿನ ಸಮೇತ ಬರೆದು ಕೊಟ್ಟೆ.

ಅಳಿಸಲು ಹೋದೆ. ‘ನನಗೆ ಮಾತ್ರ ಅಳಿಸು’ ಅಂತ ಬಂತು. ಎಲ್ಲರಿಗೂ ಅಳಿಸುವ ಗಡುವು ಮುಗಿದಿದೆಯಂತೆ.

ಆಗಸ್ಟ್ 7

ಬಾಗಿಲು ತೆರೆದೆ, ಮುಚ್ಚಿದೆ. ಮೇಷ್ಟ್ರ ಮನೆ ಇಲ್ಲಿಂದ ಆರು ನಿಮಿಷದ ದಾರಿ. ಹೋಗಲಿಲ್ಲ.

ಬೇಕರಿಯಲ್ಲಿ ಮನೋಹರ್ ಮೊಬೈಲಿನಲ್ಲಿ ತೋರಿಸಿದ್ದು ಏನು ಅಂತ ಈಗ ಗೊತ್ತಾಗುತ್ತಿದೆ. ಸಭೆಯಲ್ಲಿ ಅವರು ನನ್ನ ಮುಖ ಅಷ್ಟು ಹೊತ್ತು ನೋಡಿದ್ದು ಯಾಕೆ ಅಂತಲೂ.

ಆಗಸ್ಟ್ 8

ಹೋಗಲಿಲ್ಲ. ಗೌರವಧನದ ಕೆಲಸ, ನಾಳೆಯೇ ತೆಗೆದುಹಾಕಬಹುದು. ಗೋಪಾಲಪ್ಪ ಅಂಗಿ ಹಿಡಿಯುವವನು. ದೇವರಾಜ ಮನೆಗೆ ಸೇರಿಸುತ್ತಾನೋ ಇಲ್ಲವೋ. ಕಾರಣಗಳನ್ನು ಹೀಗೆ ಜೋಡಿಸಿಕೊಂಡು ಕೂತಿದ್ದೇನೆ. ಎಲ್ಲವೂ ನಿಜವೇ. ಆದರೆ ಹೋಗದಿರುವುದು ಇವುಗಳಿಂದಲ್ಲ. ಆ ಮನುಷ್ಯನೆದುರು ತಪ್ಪಾಯಿತು ಅನ್ನಬೇಕಲ್ಲ, ಅದು ಬಾಯಿಗೆ ಬರುತ್ತಿಲ್ಲ. ನನಗೆ ನನ್ನ ಮೇಲೆ ಅಸಹ್ಯವಾಗಿದೆ.

ಆಗಸ್ಟ್ 10, ಶನಿವಾರ. ಬೆಳಿಗ್ಗೆ 11

ಹೋಗಿ ಬಂದೆ.

ಪಿಳ್ಳಮ್ಮ ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. “ಇನ್ನೇನ್ ನೋಡೋಕ್ ಬಂದೆ?” ಅಂದಳು.

ಮೇಷ್ಟ್ರು ಒಳಗೆ ಟ್ರಂಕಿಗೆ ಪುಸ್ತಕ ತುಂಬುತ್ತಿದ್ದರು. ಎಲ್ಲವೂ ಗೂಢಚಾರಿ ಕಾದಂಬರಿಗಳು. ನನಗಿಂತ ಹೆಚ್ಚು ಓದಿದ್ದಾರೆ, ಒಂದು ದಿನವೂ ಹೇಳಿರಲಿಲ್ಲ. ಸಿನಿಮಾ ಮೇಲು ಅಂತ ವಾದ ಮಾಡುತ್ತಿದ್ದುದು ಯಾಕೆ ಅಂತ ಕೇಳಿದ್ದಕ್ಕೆ, ಊರಿನಲ್ಲಿ ಜಗಳ ಆಡೋಕೆ ಓದಿಕೊಂಡವಳು ಇನ್ನೊಬ್ಬಳು ಇರಲಿಲ್ಲ ಅಂದರು. ನಗಲಿಲ್ಲ.

ರಿಜಿಸ್ಟರ್ ವಿಷಯ ಹೇಳಿದೆ. ನಿಂತುಕೊಂಡೇ ಹೇಳಿದೆ. ಅವರಿಗೆ ಜುಲೈ 11ರಂದೇ ಅನುಮಾನ ಬಂದಿತ್ತು. ಗ್ರೂಪಿನಲ್ಲಿ ಹೆಬ್ಬೆರಳು ನೋಡಿ, ಆ ಶನಿವಾರ ಬೇಕರಿಯಲ್ಲಿ ಮನೋಹರನನ್ನು ಹಿಡಿದು ಕೇಳಿದ್ದಾರೆ. ಅವರ ಹಳೆಯ ಸ್ಟೂಡೆಂಟಂತೆ. ನಗುತ್ತಾ ಫೋಟೋ ತೋರಿಸಿದನಂತೆ. ಭಾನುವಾರ ಸಭೆ ಮುಗಿದ ಮೇಲೆ ನನ್ನೊಬ್ಬಳಿಗೆ ಹೇಳಬೇಕು ಅಂದುಕೊಂಡಿದ್ದರು. ನಾನು ಮೊದಲು ಬಾಯಿ ತೆರೆದೆ.

ಅಲ್ಲೇ ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ದರೆ ನಿನ್ನ ಕೆಲಸ ಹೋಗುತ್ತಿತ್ತು ಅಂದರು. ಎರಡು ದಿನ ಕೂಗಾಡಿ ಸುಮ್ಮನಾಗುತ್ತಾರೆ ಅಂದುಕೊಂಡಿದ್ದರಂತೆ. ಅಮ್ಮ ತುಂಬಿದ ಕ್ಯಾನ್ ವಾಪಸ್ ತರುತ್ತಾಳೆ ಅಂದುಕೊಂಡಿರಲಿಲ್ಲ. ಅವತ್ತು ಆ ಹಾಲನ್ನು ಹಿತ್ತಲಿಗೆ ಚೆಲ್ಲಿದಳಂತೆ. ಆಮೇಲೆ ಡೈರಿಗೆ ಹೋಗಿಲ್ಲ. ಹದಿನೈದು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ನಾಳೆ ಸಭೆಯಲ್ಲಿ ಎಲ್ಲ ಹೇಳುತ್ತೇನೆ ಅಂದೆ. ಮೊದಲಿನಂತೆ ಮಾಡುತ್ತೇನೆ ಅಂದೆ. ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತರು.

“ನೀನು ಅವತ್ತು ಹೇಳ್ದಾಗ ನಾನು ಮಾರಿರ್ಲಿಲ್ಲ ಶಶಿ,” ಅಂದರು. “ನಿನ್ನೆ ಸೈನ್ ಹಾಕ್ದೆ.”

ನಿನ್ನೆ. ನನಗೆ ಗೊತ್ತಾಗಿದ್ದು ಮಂಗಳವಾರ. ಆರು ನಿಮಿಷದ ದಾರಿ.

ತಾಯಿಯನ್ನು ಕರೆದುಕೊಂಡು ದೊಡ್ಡಬಳ್ಳಾಪುರಕ್ಕೆ, ಅಕ್ಕನ ಮನೆಗೆ ಹೋಗುತ್ತಾರೆ. ಹಿಂದಿನ ಹನ್ನೊಂದು ಹೊಲದ ಗತಿ ಏನು ಅಂತ ಕೇಳಿದೆ. ಸರಿದು ನಿಂತವರ ಹೊಲಕ್ಕೆ ನಾನು ಯಾಕೆ ದಾರಿ ಕಾಯಲಿ ಅಂದರು. ಅವರ ದನಿಯಲ್ಲಿ ಅಷ್ಟು ವಿಷ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ. ಹೊರಡುವಾಗ, ರಿಜಿಸ್ಟರ್ ವಿಷಯ ಯಾರಿಗೂ ಹೇಳಬೇಡ, ಇನ್ನು ಹೇಳಿ ಪ್ರಯೋಜನವಿಲ್ಲ, ಕೆಲಸವನ್ನಾದರೂ ಉಳಿಸಿಕೋ ಅಂದರು. ಅದನ್ನೂ ಪ್ರೀತಿಯಿಂದ ಹೇಳಲಿಲ್ಲ.

ಆಗಸ್ಟ್ 11, ಭಾನುವಾರ. ಮಧ್ಯಾಹ್ನ 2.30

ಬಂಡಿದಾರಿಗೆ ಅಡ್ಡ ಕಲ್ಲುಕಂಬ ಇಳಿಸಿದ್ದಾರೆ. ದೇವರಾಜ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಕೆರೆ ಏರಿ ಸುತ್ತಿ ತಂದ. ಬೆಳಿಗ್ಗೆಯಿಂದ ಜನ ಗ್ರಂಥಾಲಯಕ್ಕೆ ಬರುತ್ತಲೇ ಇದ್ದಾರೆ. ಹದಿನೆಂಟು ವರ್ಷದಲ್ಲಿ ಇಷ್ಟು ಜನ ನನ್ನನ್ನು ಹುಡುಕಿಕೊಂಡು ಬಂದಿದ್ದಿಲ್ಲ. ಮೇಡಂ ಅನ್ನುತ್ತಾರೆ. ಕುರ್ಚಿ ಎಳೆದು ಕೊಡುತ್ತಾರೆ. ಗೋಪಾಲಪ್ಪ ಹೊಸಕೋಟೆಯಿಂದ ಸ್ವೀಟ್ ಬಾಕ್ಸ್ ತಂದಿದ್ದಾನೆ.

“ನೀನ್ ಹೇಳಿದ್ದೇ ನಿಜ ಆಯ್ತು ನೋಡವ್ವ,” ಅಂದರು ವೆಂಕಟರಾಯಪ್ಪ. “ನಮಗ್ಯಾರ್ಗೂ ಕಾಣ್ಲಿಲ್ಲ, ನಿನಗ್ ಕಾಣ್ತು.”

ಮೂರು ಗಂಟೆಗೆ ಸಭೆ. ಹೊಲ ಉಳಿಸಲು ಸಮಿತಿ ಕಟ್ಟಿ ನನ್ನನ್ನು ಅದರ ಕಾರ್ಯದರ್ಶಿ ಮಾಡುತ್ತಾರಂತೆ. ಸುಮ್ಮನೆ ಹೂಂ ಅಂದರೆ ಸಾಕು. ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ, ಮೇಷ್ಟ್ರೇ ಬೇಡ ಅಂದಿದ್ದಾರೆ. ಬೇಕಾದ್ದೆಲ್ಲ ನನ್ನ ಕಡೆಗಿದೆ.

2.50

ಹೇಳುತ್ತೇನೆ. ಎದುರಿಗೆ ನಿಂತಾಗ ನಾಲಗೆ ತಿರುಗುವುದಿಲ್ಲ, ಬರೆದುಕೊಂಡು ಓದುತ್ತೇನೆ. ಹಿಂದಿನ ಕೋಣೆಯಲ್ಲಿ ಕುರ್ಚಿ ಸರಿಸುವ ಸದ್ದು. ಯಾರೋ ನನ್ನ ಹೆಸರು ಕೂಗಿದರು.

ಒಂದು. ನಿಮ್ಮ ಹೆಸರುಗಳನ್ನು ಮನೋಹರನಿಗೆ ಕೊಟ್ಟವಳು ನಾನು.

ಎರಡು. ಮೇಷ್ಟ್ರು ಹೊಲ ಮಾರುವುದಕ್ಕೆ ಇಪ್ಪತ್ತಾರು ದಿನ ಮುಂಚೆಯೇ ಅವರನ್ನು ದ್ರೋಹಿ ಅಂದೆ, ಆಮೇಲೆ ನಾವೆಲ್ಲ ಸೇರಿ ಅವರನ್ನು —